ತಾಮ್ರದ ಗಣಿ ಎಂದು ಹೇಳಿದ್ದರು

ಭಾವ ಕಲ್ಲು ಕೊರೆಯುವುದನ್ನು ಕಲಿತದ್ದು ಜೋಗದ ಕೆಳಗೆ, ಶರಾವತಿಯ ವಿದ್ಯುತ್ ಯೋಜನೆಯ ಸುರಂಗದಲ್ಲಿ. ಅವರ ಮನೆ ಭಟ್ಕಳದ ತೆಂಗಿನಗುಂಡಿಯ ಹತ್ತಿರ. ಅಲ್ಲಿ ಅವರ ಮೂವರು ಅಣ್ಣಂದಿರು ಗೇಣಿಗೆ ಗದ್ದೆ ಮಾಡುತ್ತಿದ್ದರು. ಮೂವರಿಗೇ ಸಾಲದ ಗದ್ದೆಯಲ್ಲಿ ನಾಲ್ಕನೆಯವನಿಗೆ ಕೆಲಸವಿರಲಿಲ್ಲ. ಅವರು ಮೊದಲು ಭಟ್ಕಳ ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಗಂಟು ಹೊತ್ತರು, ಅಲ್ಲೇ ಉರ್ದು ಮಾತಾಡಲು ಕಲಿತರು. ಆಮೇಲೆ ಹೊನ್ನಾವರದಿಂದ ಘಟ್ಟ ಹತ್ತುವ ಲಾರಿಯೊಂದರಲ್ಲಿ ಕುಳಿತು ಸುರಂಗದ ಕೆಲಸಕ್ಕೆ ಹೋದರು. ಅಕ್ಕನ ಮದುವೆಯಾದಾಗ ಅವರು ಡ್ರಿಲ್ಲು ಹಿಡಿಯುವವರಾಗಿದ್ದರು. ಮದುವೆಯ ದಿನವೂ ಅವರ ಕೈ ನಿಂತಲ್ಲಿ ಸಣ್ಣಗೆ ನಡುಗುತ್ತಿತ್ತು. ಹೆದರಿಕೆ ಎಂದು ನೆಂಟರು ನಕ್ಕರು. ಅದು ಡ್ರಿಲ್ಲಿನ ನಡುಕ ಎಂದು ನಮಗೆ ಗೊತ್ತಾದದ್ದು ಆಮೇಲೆ.

ನಮ್ಮ ಮನೆ ಕುಮಟೆಯ ಹೊಳನಗದ್ದೆಯಲ್ಲಿ. ಅಮ್ಮ ನಾನು ತೀರಾ ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ನನಗಿಂತ ಆರು ವರ್ಷ ದೊಡ್ಡವಳಾದ ಅಕ್ಕನೇ ನನ್ನ ತಲೆ ಬಾಚಿ, ಬುತ್ತಿ ಕಟ್ಟಿ, ಶಾಲೆಗೆ ಕಳಿಸಿ ಬೆಳೆಸಿದ್ದು. ಅಪ್ಪ ಮಳೆಗಾಲದಲ್ಲಿ ಭತ್ತ, ಅದು ಮುಗಿದ ಮೇಲೆ ಈರುಳ್ಳಿ ಬೆಳೆಯುತ್ತಿದ್ದ. ಗಂಡ ಸದಾ ಕೆಲಸದ ಮೇಲೆ ಹೊರಗೇ ಇರುವವನಾದ್ದರಿಂದ ಅಕ್ಕ ಮದುವೆಯ ಮೇಲೂ ಹೆಚ್ಚಾಗಿ ನಮ್ಮಲ್ಲಿಯೇ ಇದ್ದಳು. ತೆಂಗಿನಗುಂಡಿಯವರು ಅದಕ್ಕೆ ಏನೂ ಹೇಳಲಿಲ್ಲ. ಅಲ್ಲಿಯೂ ಜಾಗ ಕಡಿಮೆಯೇ ಇತ್ತು.

ನಾನು ಆಗ ಕುಮಟೆಯ ಹೈಸ್ಕೂಲಿಗೆ ನಡೆದು ಹೋಗುತ್ತಿದ್ದೆ. ಶಾಲೆ ಬಿಟ್ಟ ಮೇಲೆ ಅಲ್ಲಿಯೇ ಒಂದು ಹಿಂದಿ ವರ್ಗ ನಡೆಯುತ್ತಿತ್ತು. ಹಿಂದಿ ಪರೀಕ್ಷೆಗಳನ್ನು ಪಾಸು ಮಾಡಿದವರಿಗೆ ಮಾಸ್ತರಿಕೆ ಬೇಗ ಸಿಗುತ್ತದೆ ಎಂದು ಯಾರೋ ಹೇಳಿದ್ದರಿಂದ ಸೇರಿಕೊಂಡೆ. ನಮ್ಮ ಕೇರಿಯಲ್ಲಿ ಹಿಂದಿ ಓದಿ ಬರೆಯಲು ಬರುತ್ತಿದ್ದವಳು ನಾನೊಬ್ಬಳೇ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಮುಂದೆ ನಡೆದದ್ದರಲ್ಲಿ ನನ್ನ ಹಿಂದಿಯ ಪಾಲೂ ಇದೆ.

ಚೀನಾ ಯುದ್ಧ ಮುಗಿದ ಮರುವರ್ಷ ಜೋಗದ ಸುರಂಗದ ಕೆಲಸ ಇಳಿಮುಖವಾಯಿತು. ಡ್ರಿಲ್ಲು ಹಿಡಿಯುವವರನ್ನು ಹುಡುಕಿಕೊಂಡು ಒಬ್ಬ ಕಂತ್ರಾಟುದಾರ ಬಂದ. ದೇಶದ ಪೂರ್ವಕ್ಕೆ, ಕಾಡುಗುಡ್ಡಗಳ ನಡುವೆ ಸರಕಾರ ಒಂದು ಗಣಿ ತೆಗೆಯುತ್ತಿದೆ, ಗಟ್ಟಿಕಲ್ಲು, ಅನುಭವವಿದ್ದವರು ಬೇಕು ಎಂದ. ಭಾವ ಒಪ್ಪಿಕೊಂಡು ಮನೆಗೆ ಬಂದು ತಿಳಿಸಿದರು. ಎಂತಾ ಗಣಿ ಎಂದು ಅಪ್ಪ ಕೇಳಿದ. ತಾಮ್ರ ಎಂದರು ಭಾವ. ಆಗ ಅವರಿಗೂ ಅಷ್ಟೇ ಗೊತ್ತಿದ್ದಿರಬೇಕು.

ಅಲ್ಲಿಂದ ಅವರ ಕಾಗದಗಳು ತಿಂಗಳಿಗೊಂದರಂತೆ ಬರುತ್ತಿದ್ದವು. ದೊಡ್ಡ ದೊಡ್ಡ ಕನ್ನಡ ಅಕ್ಷರ, ಸಾಲು ಮೇಲಕ್ಕೇರುತ್ತಾ ಹೋಗುತ್ತಿತ್ತು. ಚಳಿ ಜಾಸ್ತಿ, ಮೀನು ಸಿಗುವುದಿಲ್ಲ, ಸಾಸಿವೆ ಎಣ್ಣೆಯ ವಾಸನೆಗೆ ಹೊಂದಿಕೊಂಡೆ ಎಂದೆಲ್ಲ ಬರೆಯುತ್ತಿದ್ದರು. ಗಣಿಯ ಬಗ್ಗೆ ಒಂದು ಅಕ್ಷರವೂ ಇರುತ್ತಿರಲಿಲ್ಲ. ಅಕ್ಕ ಹೇಳಿದ್ದನ್ನು ನಾನು ಉತ್ತರವಾಗಿ ಬರೆಯುತ್ತಿದ್ದೆ. ಅಕ್ಕನಿಗೆ ಓದಲು ಬರುತ್ತಿತ್ತು, ಬರೆಯಲು ಕೈ ಓಡುತ್ತಿರಲಿಲ್ಲ.

ಎರಡನೆಯ ಬೇಸಗೆಯಲ್ಲಿ ಅವರು ರಜೆಯ ಮೇಲೆ ಬಂದರು. ಅಷ್ಟರಲ್ಲಿ ಅಕ್ಕನಿಗೆ ಹೆಣ್ಣುಮಗು ಹುಟ್ಟಿ ಒಂಬತ್ತು ತಿಂಗಳಾಗಿತ್ತು. ಭಾವ ಮಗುವಿಗೆ ಒಂದು ಗಿಲಕಿ, ಅಕ್ಕನಿಗೆ ಒಂದು ಸೀರೆ, ಜೊತೆಗೆ ಒಂದು ಕಲ್ಲು ತಂದಿದ್ದರು. ಆ ಕಲ್ಲು ಗೇಣುದ್ದವಿತ್ತು. ಲಟ್ಟಣಿಗೆಯ ಹಾಗೆ ದುಂಡಗೆ, ಯಾರೋ ಕಡೆದಂತೆ ನುಣ್ಣಗೆ ಇತ್ತು. ನೆಲದೊಳಗೆ ಏನಿದೆ ಎಂದು ನೋಡಲು ಯಂತ್ರದಿಂದ ಆಳಕ್ಕೆ ಕೊರೆದು ಕಲ್ಲನ್ನು ಹೀಗೆ ದಂಡದಂತೆ ಹೊರಗೆಳೆಯುತ್ತಾರೆ, ಮುರಿದ ತುಂಡುಗಳು ಶೆಡ್ಡಿನ ಹಿಂದೆ ರಾಶಿ ಬಿದ್ದಿರುತ್ತವೆ, ಚಂದ ಕಂಡಿತು, ತಂದೆ ಎಂದರು. ಕಪ್ಪು ಬೂದು ಬಣ್ಣ, ಒಂದು ತುದಿಗೆ ಕೆಂಪು ಬಣ್ಣದಲ್ಲಿ ಏನೋ ಅಂಕಿ ಬರೆದಿತ್ತು. ಅಕ್ಕ ಅದನ್ನು ತೊಳೆದು ಅಡುಗೆಮನೆಯಲ್ಲಿ ಇಟ್ಟುಕೊಂಡಳು. ಬೆಳ್ಳುಳ್ಳಿ, ಶುಂಠಿ ಜಜ್ಜಲು ಅದಕ್ಕಿಂತ ಒಳ್ಳೆಯ ಕಲ್ಲು ನಮ್ಮಲ್ಲಿ ಇರಲಿಲ್ಲ. ಅದಕ್ಕೆ ಕೆಲಸವಿಲ್ಲದಾಗ ಮಗು ಅದನ್ನು ನೆಲದ ಮೇಲೆ ಉರುಳಿಸಿಕೊಂಡು ಹಿಂದೆ ಅಂಬೆಗಾಲಿಡುತ್ತಿತ್ತು.

ಆ ರಜೆಯಲ್ಲಿಯೇ ಭಾವ ನನ್ನನ್ನು ಕರೆದು ಹಿಂದಿ ಕಲಿಸಬೇಕೆಂದು ಕೇಳಿಕೊಂಡರು. ಮಾತು ಅವರಿಗೆ ಬರುತ್ತಿತ್ತು. ಅಕ್ಷರ ಬರುತ್ತಿರಲಿಲ್ಲ. ಗಣಿಯಲ್ಲಿ ಮೇಟ್ ಎಂಬ ಹುದ್ದೆಯಿತ್ತು. ಒಂದು ತಂಡಕ್ಕೆ ಒಬ್ಬ ಮುಖ್ಯಸ್ಥ. ಅದಕ್ಕೆ ಪರೀಕ್ಷೆ, ಪರೀಕ್ಷೆಗೆ ಹಿಂದಿ. ನಾವು ದಿನವೂ ಮಧ್ಯಾಹ್ನ ಊಟವಾದ ಮೇಲೆ ಜಗುಲಿಯಲ್ಲಿ ಕೂರುತ್ತಿದ್ದೆವು. ಡ್ರಿಲ್ಲಿನ ಸದ್ದಿಗೆ ಅವರ ಕಿವಿ ಅರ್ಧ ಹೋಗಿತ್ತು, ನಾನು ಕೂಗಿ ಹೇಳಬೇಕಾಗುತ್ತಿತ್ತು. ನಮ್ಮ ಆಚೆಮನೆಯ ಅಜ್ಜಿ ಬೇಲಿಯಾಚೆಯಿಂದಲೇ ಕ, ಖ, ಗ, ಘ ಕಲಿತಳು. ಭಾವ ತಪ್ಪು ಮಾಡಿದರೆ ಅವಳೇ ತಿದ್ದುತ್ತಿದ್ದಳು. ಅವರು ಸಣ್ಣ ಮಕ್ಕಳ ಹಾಗೆ ನಾಲಿಗೆ ಹೊರಗೆ ಚಾಚಿ ಬರೆಯುತ್ತಿದ್ದರು. ಒಂದು ತಿಂಗಳಲ್ಲಿ ಪಾಠ ಓದುವಷ್ಟಾದರು. ಅವರು ಕೆಮ್ಮುತ್ತಿದ್ದುದು ನನಗೆ ನೆನಪಿದೆ. ಬೀಡಿ ಕಡಿಮೆ ಮಾಡಿ ಎಂದು ಅಕ್ಕ ಹೇಳುತ್ತಿದ್ದಳು.

ಆ ವರ್ಷ ಮಳೆಗಾಲ ಕಳೆದ ಮೇಲೆ ಅವರಿಂದ ನನ್ನ ಹೆಸರಿಗೆ ಒಂದು ಕಾಗದ ಬಂತು. ಪೂರಾ ಹಿಂದಿಯಲ್ಲಿತ್ತು. ಪರೀಕ್ಷೆ ಪಾಸಾಯಿತು, ಮೇಟ್ ಮಾಡಿದ್ದಾರೆ, ಇದು ನಿನ್ನಿಂದ ಆದದ್ದು ಎಂದು ಬರೆದಿದ್ದರು. ನಾನು ಅದನ್ನು ಹಿಂದಿ ಮಾಸ್ತರರಿಗೆ ತೋರಿಸಿದೆ. ಅವರು ಎರಡು ಕಾಗುಣಿತದ ತಪ್ಪು ಗುರುತು ಹಾಕಿ, ನಕ್ಕು ವಾಪಸು ಕೊಟ್ಟರು.

ಚೀನಾ ಬಾಂಬು ಸಿಡಿಸಿತೆಂದು ಪತ್ರಿಕೆಯಲ್ಲಿ ಬಂದದ್ದೂ ಅದೇ ಕಾಲದಲ್ಲಿ. ನಮ್ಮ ಮನೆಯಲ್ಲಿ ಅದನ್ನು ಯಾರೂ ಭಾವನ ಗಣಿಯ ಜೊತೆ ಸೇರಿಸಿ ಯೋಚಿಸಲಿಲ್ಲ. ಯೋಚಿಸುವ ಕಾರಣವೇ ಇರಲಿಲ್ಲ.

ಆಮೇಲೆ ಕಾಗದಗಳು ಚಿಕ್ಕದಾದವು. ರಜೆ ಸಿಗುವುದಿಲ್ಲ, ಮೇಟ್ ಇಲ್ಲದೆ ಕೆಲಸ ನಿಲ್ಲುತ್ತದೆ ಎಂದು ಎರಡು ವರ್ಷ ಬರೆದರು. ಮೂರನೆಯ ವರ್ಷ ಏನೂ ಬರೆಯದೆ ತಾವೇ ಬಂದರು. ನಾನು ಆಗ ಮ್ಯಾಟ್ರಿಕ್ ಮುಗಿಸಿ ಹತ್ತಿರದ ಕನ್ನಡ ಶಾಲೆಯಲ್ಲಿ ಪಾಠ ಹೇಳತೊಡಗಿದ್ದೆ. ಅವತ್ತು ರಜೆ, ಮನೆಯಲ್ಲಿದ್ದೆ. ಗದ್ದೆಯ ಅಂಚಿನ ಮೇಲೆ ಯಾರೋ ಮುದುಕ ಬರುತ್ತಿದ್ದಾನೆ, ದಾರಿ ತಪ್ಪಿರಬೇಕು, ಕೇಳು ಎಂದು ಅಪ್ಪ ಹೇಳಿದ. ಆ ಮನುಷ್ಯ ನಾಲ್ಕು ಹೆಜ್ಜೆ ನಡೆದು ನಿಲ್ಲುತ್ತಿದ್ದ, ಮೊಣಕಾಲ ಮೇಲೆ ಕೈಯೂರಿ ಬಗ್ಗುತ್ತಿದ್ದ, ಮತ್ತೆ ನಡೆಯುತ್ತಿದ್ದ. ನಾನು ಹೋಗಿ ಹತ್ತಿರದಿಂದ ನೋಡಿದ ಮೇಲೆಯೇ ಭಾವ ಎಂದು ತಿಳಿದದ್ದು. ಅವರಿಗೆ ಆಗ ಮೂವತ್ತೈದು ಕೂಡ ಆಗಿರಲಿಲ್ಲ. ಅಕ್ಕ ಬಾಗಿಲಲ್ಲಿ ನಿಂತವಳು ಅವರ ಕೈಯ ಟ್ರಂಕನ್ನು ತೆಗೆದುಕೊಂಡಳು, ಎಂತ ಆತು ಎಂದು ಕೇಳಲಿಲ್ಲ. ಮಗು ಅವರನ್ನು ನೋಡಿ ಒಳಗೆ ಓಡಿತು.

ಕುಮಟೆಯಲ್ಲಿ ಒಬ್ಬ ಹಿರಿಯ ಡಾಕ್ಟರಿದ್ದರು. ಅವರು ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿ, ಹೊನ್ನಾವರಕ್ಕೆ ಹೋಗಿ ಎದೆಯ ಫೋಟೋ ತೆಗೆಸಿಕೊಂಡು ಬರಲು ಹೇಳಿದರು. ಫೋಟೋ ನೋಡಿ ಕ್ಷಯ ಎಂದರು. ಸೂಜಿಮದ್ದು ಸುರುವಾಯಿತು. ಎರಡು ತಿಂಗಳಾದರೂ ಏನೂ ಗುಣವಾಗಲಿಲ್ಲ. ಕಫದಲ್ಲಿ ಕ್ಷಯದ ರೋಗಾಣು ಕಾಣುತ್ತಿಲ್ಲ ಎಂಬುದು ಡಾಕ್ಟರಿಗೆ ಬಗೆಹರಿಯದ ಸಂಗತಿಯಾಗಿತ್ತು. ಒಂದು ದಿನ ಅವರು ಕುರ್ಚಿ ಎಳೆದುಕೊಂಡು ಭಾವನ ಎದುರೇ ಕೂತರು. ಅಕ್ಕನೂ ನಾನೂ ಪಕ್ಕದ ಬೆಂಚಿನ ಮೇಲಿದ್ದೆವು.

“ನೀನು ಎಂತಾ ಕಲ್ಲು ಒಡೀತಿದ್ದೆ, ಸರಿಯಾಗಿ ಹೇಳು,” ಎಂದು ಕೇಳಿದರು.

“ತಾಮ್ರ, ಡಾಕ್ಟ್ರೆ.”

“ತಾಮ್ರ ಮಾತ್ರವಾ? ಬೇರೆ ಎಂತಾರೂ ಇತ್ತಾ?”

“ತಾಮ್ರವೇ.”

ಡಾಕ್ಟರು ಇನ್ನೊಮ್ಮೆ ಕೇಳಿದರು. ಭಾವ ಇನ್ನೊಮ್ಮೆ ಅದನ್ನೇ ಹೇಳಿದರು. ಹೊರಗೆ ಬಂದು ಬಸ್ಸಿಗೆ ಕಾಯುತ್ತಿದ್ದಾಗ ಅವರು ನನ್ನ ಕಡೆ ತಿರುಗಿ, ಅಕ್ಕನಿಗೆ ತಿಳಿಯಬಾರದೆಂದು ಹಿಂದಿಯಲ್ಲಿ ಮಾತಾಡಿದರು. ನಾನು ಸಹಿ ಹಾಕಿದ್ದೇನೆ, ಅಲ್ಲಿ ಏನು ಸಿಗುತ್ತದೆ ಎಂದು ಯಾರಿಗೂ ಹೇಳುವ ಹಾಗಿಲ್ಲ, ದೇಶದ ಕೆಲಸ ಅದು ಎಂದರು. ಏನು ಸಿಗುತ್ತದೆ ಎಂದು ಕೇಳಿದೆ. ಅವರು ಬಸ್ಸು ಬರುವ ದಾರಿಯ ಕಡೆ ತಿರುಗಿ ನಿಂತರು. ನಾನು ಮತ್ತೆ ಕೇಳಲಿಲ್ಲ. ನನಗೆ ಒಳಗೊಳಗೇ ಒಂದು ಬಗೆಯ ಹೆಮ್ಮೆಯಾದದ್ದನ್ನು ಬಚ್ಚಿಡುವುದಿಲ್ಲ. ಮನೆಯಲ್ಲಿ ಇಷ್ಟು ಜನರಿದ್ದೂ ಈ ಗುಟ್ಟು ನನ್ನೊಬ್ಬಳ ಹತ್ತಿರ ಹೇಳಿದರಲ್ಲ ಎಂದು. ನಾನು ಅದನ್ನು ಡಾಕ್ಟರಿಗೆ ಹೇಳಲಿಲ್ಲ, ಅಕ್ಕನಿಗೂ ಹೇಳಲಿಲ್ಲ.

ಮುಂದಿನ ತಿಂಗಳುಗಳಲ್ಲಿ ಅವರಿಗೆ ಮಲಗಲು ಆಗದಂತಾಯಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ದಿಂಬು ಒರಗಿಸಿ ಕೂತೇ ಇರುತ್ತಿದ್ದರು. ಈರುಳ್ಳಿ ಕಿತ್ತು ಒಣಗಿಸುವ ಕಾಲ ಬಂತು. ಅಪ್ಪ ಗೊಂಚಲು ಹೆಣೆಯಲು ಕೂತಾಗ ಭಾವನೂ ಕೈ ಚಾಚಿ ಕೇಳುತ್ತಿದ್ದರು. ನಾಲ್ಕು ಗಡ್ಡೆ ಹೆಣೆದು ಸುಸ್ತಾಗಿ ಬಿಡುತ್ತಿದ್ದರು. ಒಂದು ದಿನ ಬೆಳಿಗ್ಗೆ ಗಂಜಿ ಕೊಡಲು ಹೋದ ಅಕ್ಕ ಬಟ್ಟಲು ಹಿಡಿದುಕೊಂಡೇ ಅಂಗಳಕ್ಕೆ ಬಂದು, “ಅಪ್ಪ, ಬಾ ಇಲ್ಲಿ,” ಎಂದಳು. ಅಷ್ಟೇ. ಅವಳ ದನಿ ಎತ್ತರವಾಗಿರಲಿಲ್ಲ. ಅಪ್ಪ ಕೈಯ ಮಣ್ಣು ತೊಳೆಯದೆ ಒಳಗೆ ಹೋದ. ಭಾವ ಕೂತಲ್ಲಿಯೇ ಹೋಗಿಬಿಟ್ಟಿದ್ದರು.

ಭಾವನ ಉತ್ತರಕ್ರಿಯೆ, ಬೊಜ್ಜವೆಲ್ಲ ಮುಗಿದ ಮೇಲೆ ಅಕ್ಕ ನನ್ನಿಂದ ಗಣಿಯ ಕಚೇರಿಗೆ ಕಾಗದ ಬರೆಸಿದಳು. ಅವರು ಯಾವ ಕಾಯಿಲೆಯಿಂದ ಸತ್ತರು, ಅಲ್ಲಿಯೇ ಬಂದ ಕಾಯಿಲೆಯೋ, ಜೊತೆಯಲ್ಲಿದ್ದವರು ಹೇಗಿದ್ದಾರೆ ಎಂಬ ಮೂರೇ ಪ್ರಶ್ನೆ. ಮೊದಲ ಎರಡು ಕಾಗದಕ್ಕೆ ಉತ್ತರವಿಲ್ಲ. ಮೂರನೆಯದಕ್ಕೆ ಇಂಗ್ಲಿಷಿನಲ್ಲಿ ಎರಡು ಸಾಲು ಬಂತು. ಆ ಹೆಸರಿನ ಕೆಲಸಗಾರ ನಮ್ಮಲ್ಲಿ ಇರಲಿಲ್ಲ ಎಂದು ಅದರಲ್ಲಿತ್ತು. ನಾನು ಅರ್ಥ ಹೇಳಿದೆ. ಅಕ್ಕ ಆ ಹಾಳೆಯನ್ನು ತಿರುಗಿಸಿ ಹಿಂದೆ ಏನಾದರೂ ಬರೆದಿದೆಯೇ ಎಂದು ನೋಡಿದಳು.

“ಅಲ್ಲಿ ಇರ್ಲೇ ಇಲ್ಲ ಅಂತ ಬರ್ದಾರೆ. ಹಂಗಾದ್ರೆ ಇಷ್ಟು ವರ್ಷ ನಾ ಯಾರಿಗೆ ಕಾಗ್ದ ಬರ್ಸಿದ್ದು?” ಎಂದಳು.

ಅಲ್ಲಿಗೆ ಹೋಗಲೇಬೇಕೆಂದು ಅವಳು ಹಟ ಹಿಡಿದಳು. ಅಪ್ಪ ಒಂದು ವಾರ ಬೇಡವೆಂದ, ಆಮೇಲೆ ತಾನೂ ಬರುತ್ತೇನೆಂದ. ಹಿಂದಿ ಬರುವವಳು ನಾನೇ ಆದ್ದರಿಂದ ಶಾಲೆಯ ಬೇಸಗೆ ರಜೆಯಲ್ಲಿ ಮೂವರೂ ಹೊರಟೆವು. ಮಗುವನ್ನು ತೆಂಗಿನಗುಂಡಿಯಲ್ಲಿ ಭಾವನ ಅತ್ತಿಗೆಯ ಬಳಿ ಬಿಟ್ಟೆವು. ಹೊರಡುವಾಗ ಅಕ್ಕ ಬಟ್ಟೆಯ ಗಂಟಿನಲ್ಲಿ ಆ ಕಲ್ಲನ್ನು ಇಡುವುದನ್ನು ಕಂಡು ಯಾಕೆಂದು ಕೇಳಿದೆ. ಅವರು ಅಲ್ಲಿದ್ದರು ಎನ್ನುವುದಕ್ಕೆ ಬೇರೆ ಏನಿದೆ ನಮ್ಮ ಹತ್ತಿರ ಎಂದಳು. ಅವರ ಕಾಗದಗಳ ಮೇಲೆ ಆ ಊರಿನ ಅಂಚೆಯ ಮುದ್ರೆಯಿತ್ತು, ಅವೂ ಗಂಟಿನಲ್ಲಿದ್ದವು. ಆದರೆ ಊರಲ್ಲಿದ್ದ ಮಾತ್ರಕ್ಕೆ ಗಣಿಯಲ್ಲಿದ್ದ ಹಾಗಾಯಿತೇ ಎಂದು ಯಾರಾದರೂ ಕೇಳಿಯಾರು ಎಂಬುದು ಅವಳ ಲೆಕ್ಕಾಚಾರ.

ಹುಬ್ಬಳ್ಳಿಯವರೆಗೆ ಬಸ್ಸು, ಅಲ್ಲಿಂದ ಮೂರು ರೈಲು, ಮತ್ತೆ ಒಂದು ಬಸ್ಸು. ನಾವು ಇಳಿದಲ್ಲಿ ಕೆಂಪು ದೂಳಿನ ರಸ್ತೆ, ಎರಡೂ ಬದಿಗೆ ಎಲೆಯುದುರಿದ ಕಾಡು, ಎದುರಿಗೆ ಒಂದು ಉದ್ದನೆಯ ಗುಡ್ಡವಿತ್ತು. ಗುಡ್ಡದ ಬುಡಕ್ಕೆ ಮುಳ್ಳುತಂತಿಯ ಬೇಲಿ, ಬಂದೂಕು ಹಿಡಿದ ಕಾವಲುಗಾರರು. ಆ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬೇಲಿಯ ಹೊರಗೆ ಆದಿವಾಸಿಗಳ ಹಟ್ಟಿಗಳು, ಮಣ್ಣಿನ ಗೋಡೆ, ಬಹಳ ಚೊಕ್ಕಟ. ಗಣಿಯಿಂದ ಬಂದ ಕಲ್ಲುಪುಡಿಯನ್ನು ತಂದು ಅಂಗಳಕ್ಕೆ ಹಾಸಿ ಕೆಲವರು ಗಟ್ಟಿ ಮಾಡಿಕೊಂಡಿದ್ದರು.

ಗೇಟಿನಲ್ಲಿ ಎರಡು ದಿನ ಕಾಯಿಸಿದರು. ಮೂರನೆಯ ದಿನ ಒಬ್ಬ ಅಧಿಕಾರಿ ನಮ್ಮನ್ನು ಒಳಗೆ ಕರೆದ. ನನಗಿಂತ ಏಳೆಂಟು ವರ್ಷ ದೊಡ್ಡವನಿರಬೇಕು, ಕನ್ನಡಕ ಹಾಕಿದ್ದ, ಮಾತು ಮೆತ್ತಗೆ. ಕೂರಲು ಹೇಳಿ ಚಹಾ ತರಿಸಿದ. ನಾನು ಹಿಂದಿಯಲ್ಲಿ ಎಲ್ಲವನ್ನೂ ವಿವರಿಸಿದೆ. ಅವನು ಕೇಳಿ, ಸುರಂಗದ ಕೆಲಸ ಕಂತ್ರಾಟುದಾರನದು, ಅವನ ಆಳುಗಳ ಪಟ್ಟಿ ನಮ್ಮ ಬಳಿ ಇರುವುದಿಲ್ಲ, ಅವನು ಕೆಲಸ ಮುಗಿಸಿ ಹೋಗಿದ್ದಾನೆ ಎಂದ. ನಿಮ್ಮ ಭಾವ ಇಲ್ಲಿ ಕೆಲಸ ಮಾಡಿದ್ದಕ್ಕೆ ಏನು ಗುರುತಿದೆ ಎಂದು ಕೇಳಿದ. ನಾನು ಅದನ್ನು ಅಕ್ಕನಿಗೆ ಹೇಳುವಷ್ಟರಲ್ಲಿ ಅವಳು ಗಂಟು ಬಿಚ್ಚಿ ಕಲ್ಲನ್ನು ಮೇಜಿನ ಮೇಲಿಟ್ಟಳು.

ಅಧಿಕಾರಿ ಕೆಂಪು ಅಂಕಿಯನ್ನು ನೋಡಿದ. ಎದ್ದು ನಿಂತ. ಇದು ಎಲ್ಲಿತ್ತು ಎಂದು ಕೇಳಿದ. ಮನೆಯಲ್ಲಿ ಎಂದೆ. ಅವನು ಒಳಗಿನ ಕೋಣೆಗೆ ಹೋಗಿ ಹಿಡಿಕೆಯಿದ್ದ ಒಂದು ಡಬ್ಬಿಯಂಥ ಯಂತ್ರವನ್ನು ತಂದ, ಜೊತೆಗೆ ಇನ್ನೊಬ್ಬ ನೌಕರನನ್ನೂ ಕರೆತಂದ. ಯಂತ್ರವನ್ನು ಕಲ್ಲಿನ ಹತ್ತಿರ ತಂದಾಗ ಅದು ಟಕ್ ಟಕ್ ಎನ್ನತೊಡಗಿತು, ಹುರಿಯುವ ಬಾಣಲೆಯಲ್ಲಿ ಎಳ್ಳು ಸಿಡಿದ ಹಾಗೆ. ಅಕ್ಕ ಒಮ್ಮೆ ಯಂತ್ರವನ್ನು, ಒಮ್ಮೆ ನನ್ನನ್ನು ನೋಡಿದಳು.

“ಅದೆಂತ ಸದ್ದು, ಕೇಳು ಅವ್ನಿಗೆ,” ಎಂದಳು.

ಕೇಳಿದೆ. ಏನೂ ಇಲ್ಲ, ಯಂತ್ರ ಹಾಗೆಯೇ ಎಂದ. ಅವರಿಬ್ಬರೂ ತಮ್ಮೊಳಗೆ ಇಂಗ್ಲಿಷಿನಲ್ಲಿ ಮಾತಾಡಿಕೊಂಡರು. ಆ ಮಾತಿನ ನಡುವೆ ಯುರೇನಿಯಂ ಎಂಬ ಶಬ್ದ ಬಂತು. ಜಪಾನಿನ ಮೇಲೆ ಬಾಂಬು ಹಾಕಿದ ಪಾಠವನ್ನು ನಾನು ಓದಿದ್ದೆ, ಅದರಲ್ಲಿ ಆ ಶಬ್ದ ಇತ್ತು. ಮಕ್ಕಳಿಗೆ ಸಾಮಾನ್ಯ ಜ್ಞಾನದ ಪ್ರಶ್ನೆಯಾಗಿ ನಾನೇ ಕೇಳುತ್ತಿದ್ದೆ. ತಾಮ್ರವಲ್ಲ ಎಂದು ನನಗೆ ತಿಳಿದದ್ದು ಆ ಮೇಜಿನ ಎದುರು, ಚಹಾದ ಲೋಟ ಕೈಯಲ್ಲಿರುವಾಗ.

“ಇದ್ರಲ್ಲಿ ನಾ ಬೆಳ್ಳುಳ್ಳಿ ಜಜ್ಜಿದ್ದೆ. ನನ್ನ ಮಗು ಇದ್ರ ಸಂಗಡ ಆಡಿದ್ದು. ಮಗುಗೆ ಎಂತಾರೂ ಆಗ್ತದಾ, ಅದೊಂದು ಕೇಳು,” ಎಂದಳು ಅಕ್ಕ.

ನಾನು ಕೇಳಿದೆ. ಅವನು ಕನ್ನಡಕ ತೆಗೆದು ಒರೆಸಿಕೊಂಡ. ಅವನಿಗೆ ಉತ್ತರ ಗೊತ್ತಿರಲಿಲ್ಲ ಎಂದು ನನಗೆ ಆಗಲೇ ಅನಿಸಿತು, ಈಗಲೂ ಅನಿಸುತ್ತದೆ. ಏನೂ ಆಗುವುದಿಲ್ಲ, ಹೆದರಬೇಡಿ ಎಂದ. ಆಮೇಲೆ ಅವನ ದನಿ ಬದಲಾಯಿತು. ಇದು ಸರಕಾರದ ಸ್ವತ್ತು, ಇದನ್ನು ಹೊರಗೆ ಒಯ್ಯುವುದು ಅಪರಾಧ, ಸತ್ತವನ ಮೇಲೆ ಕೇಸು ಹಾಕುವ ಹಾಗಿಲ್ಲ ಎಂದು ಬಿಡುತ್ತಿದ್ದೇನೆ ಎಂದ. ಕಾವಲುಗಾರ ಬಂದು ಕಲ್ಲನ್ನು ಒಂದು ಡಬ್ಬದಲ್ಲಿ ಹಾಕಿಕೊಂಡು ಹೋದ. ಅಪ್ಪನಿಗೆ ಹಿಂದಿ ಬಾರದಿದ್ದರೂ ಅರ್ಥವಾಗಿತ್ತು. ಅಂವ ಅಲ್ಲಿ ಇದ್ದ ಅಂತ ಈಗ ಒಪ್ಪಿದ್ರಾ ಕೇಳು ಎಂದ. ನಾನು ಕೇಳಿದೆ. ಅಧಿಕಾರಿ ಬಾಗಿಲ ಕಡೆ ಕೈ ತೋರಿಸಿದ.

ಹೊರಗೆ ಬಂದು ರಸ್ತೆಯಲ್ಲಿ ನಿಂತಿದ್ದಾಗ ಒಬ್ಬ ಆದಿವಾಸಿ ಹೆಂಗಸು ನಮ್ಮ ಹತ್ತಿರ ಬಂದಳು. ಎರಡು ದಿನದಿಂದ ಗೇಟಿನಲ್ಲಿ ಕೂತ ನಮ್ಮನ್ನು ಅವಳು ನೋಡಿದ್ದಳು. ಸಮುದ್ರದ ಕಡೆಯ ಮೇಟ್‌ನ ಜನವೇ ನೀವು ಎಂದು ಒಡಕು ಹಿಂದಿಯಲ್ಲಿ ಕೇಳಿದಳು. ಅಕ್ಕ ಅವಳ ಕೈ ಹಿಡಿದುಕೊಂಡಳು. ಅವಳು ನಮ್ಮನ್ನು ತನ್ನ ಮನೆಗೆ ಕರೆದೊಯ್ದು ಅನ್ನ, ಸೊಪ್ಪಿನ ಸಾರು ಬಡಿಸಿದಳು. ಅವಳ ಗಂಡ ಭಾವನ ಡ್ರಿಲ್ಲಿನ ಜೊತೆಗಾರ. ಹಗ್ಗದ ಮಂಚದ ಮೇಲೆ ಕೂತಿದ್ದ, ಭಾವ ಕೂರುತ್ತಿದ್ದ ಹಾಗೆಯೇ, ಮುಂದಕ್ಕೆ ಬಾಗಿ, ಎರಡೂ ಕೈ ಊರಿ. ಅವನನ್ನು ಕಂಡದ್ದೇ ಅಕ್ಕ ಬಾಗಿಲಲ್ಲಿ ನಿಂತುಬಿಟ್ಟಳು.

ಅವನು ಉಸಿರು ತೆಗೆದುಕೊಳ್ಳುತ್ತ, ಬಿಡುತ್ತ ಹೇಳಿದ. ಕಲ್ಲು ಕೊರೆಯುವಾಗ ನೀರು ಹಾಯಿಸುತ್ತಲೇ ಇರಬೇಕು, ಆಗ ದೂಳು ಏಳುವುದಿಲ್ಲ. ನೀರಿನ ಕೊಳವೆ ಎಳೆದು ಜೋಡಿಸುವಷ್ಟರಲ್ಲಿ ಕೆಲಸ ತಡವಾಗುತ್ತದೆ ಎಂದು ಕಂತ್ರಾಟುದಾರ ಒಣಕಲ್ಲನ್ನೇ ಕೊರೆಸುತ್ತಿದ್ದ. ತಪಾಸಣೆಗೆ ಯಾರಾದರೂ ಬರುವ ದಿನ ಮಾತ್ರ ನೀರು. ಸಿಡಿಮದ್ದು ಹಾರಿಸಿದ ಮೇಲೆ ಹೊಗೆ ಇಳಿಯುವವರೆಗೆ ಕಾಯಬೇಕು, ಕಾಯಲು ಬಿಡುತ್ತಿರಲಿಲ್ಲ. ಮೇಲಿನ ಕಲ್ಲು ಸಡಿಲವಾಗಿದೆಯೇ ಎಂದು ಸಲಾಕೆಯಿಂದ ತಟ್ಟಿ ನೋಡಲು ಎಲ್ಲರಿಗಿಂತ ಮೊದಲು ಒಬ್ಬ ಒಳಗೆ ಹೋಗಬೇಕು.

ಆ ಒಬ್ಬ ಯಾರು ಎಂದು ಕೇಳಿದೆ.

“ಮೇಟ್,” ಎಂದ ಅವನು. “ಮೊದಲು ನಾವಿಬ್ಬರೂ ಹಿಂದೆ ಇರುತ್ತಿದ್ದೆವು. ಅವನು ಊರಿಗೆ ಹೋಗಿ ಹಿಂದಿ ಕಲಿತು ಬಂದ, ಪಾಸಾದ. ಆಮೇಲೆ ದಿನಾ ಅವನೇ ಮೊದಲು.”

ಹೆಂಡತಿಯ ತಂಗಿ ಹಿಂದಿ ಟೀಚರು, ಅವಳೇ ಕಲಿಸಿದ್ದು ಎಂದು ಭಾವ ಅಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದರಂತೆ. ಅದು ನೀನೋ ಎಂದು ಆ ಮನುಷ್ಯ ಸಂತೋಷದಿಂದಲೇ ಕೇಳಿದ. ಹೌದೆಂದೆ. ಏನಂತೆ ಎಂದು ಅಕ್ಕ ಕೇಳಿದಳು. ನೀರಿನ ಮಾತನ್ನು, ಹೊಗೆಯ ಮಾತನ್ನು ಅವಳಿಗೆ ಹೇಳಿದೆ. ಹಿಂದಿಯ ಮಾತನ್ನು ಹೇಳಲಿಲ್ಲ. ಬಸ್ಸಿನಲ್ಲಿ, ಆಮೇಲೆ ರೈಲಿನಲ್ಲಿ ಅಕ್ಕ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಾಗ ನಾನು ಅವಳ ಮುಖ ನೋಡುತ್ತಾ ಕೂತಿದ್ದೆ. ಹುಬ್ಬಳ್ಳಿಯಲ್ಲಿ ಇಳಿದು ಬಸ್ಸಿಗೆ ಕಾಯುವಾಗ ಹೇಳಿಬಿಟ್ಟೆ. ಡಾಕ್ಟರ ಎದುರು ಗುಟ್ಟು ಮುಚ್ಚಿದ್ದನ್ನೂ ಹೇಳಿದೆ. ಅದಕ್ಕೆ ಅವಳ ಮುಖ ಬಿಗಿಯಿತು.

“ಹಿಂದಿ ಕಲ್ಸಿದ್ದು ತಪ್ಪಲ್ಲ,” ಎಂದಳು. “ಡಾಕ್ಟ್ರ ಹತ್ರ ಹೇಳ್ಬೇಕಿತ್ತು ನೀ.”

ಕುಮಟೆ ಮುಟ್ಟುವವರೆಗೆ ಅವಳು ನನ್ನ ಜೊತೆ ಮತ್ತೆ ಮಾತಾಡಲಿಲ್ಲ. ಮನೆಗೆ ಬಂದ ಮೇಲೂ ಎಷ್ಟೋ ದಿನ ಕೆಲಸದ ಮಾತು ಬಿಟ್ಟು ಬೇರೆ ಮಾತಿರಲಿಲ್ಲ. ಮಗುವನ್ನು ತೆಂಗಿನಗುಂಡಿಯಿಂದ ಕರೆತಂದ ದಿನವೇ ಅವಳು ಅಡುಗೆಮನೆಯ ನೆಲವನ್ನು ಕೆತ್ತಿ, ಹೊಸ ಮಣ್ಣು ತಂದು ಬಡಿದು, ಸಗಣಿ ಸಾರಿಸಿದಳು. ಅದರಿಂದ ಪ್ರಯೋಜನವಿದೆಯೇ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಮಗುವಿಗೆ ಜ್ವರ ಬಂದರೆ, ಬಿದ್ದ ಹಲ್ಲು ಮತ್ತೆ ಹುಟ್ಟಲು ತಡವಾದರೆ, ಮೂಗಿನಲ್ಲಿ ಒಂದು ಹನಿ ರಕ್ತ ಬಂದರೆ ಮನೆಯಲ್ಲಿ ಯಾರೂ ಊಟ ಮಾಡುತ್ತಿರಲಿಲ್ಲ. ಅವಳು ಬೆಳೆದಳು, ಗಟ್ಟಿಮುಟ್ಟಾಗಿಯೇ ಬೆಳೆದಳು. ಆದರೆ ಅವಳನ್ನು ನೋಡಿ ನಿಶ್ಚಿಂತೆಯಿಂದ ನಗುವುದು ಅಕ್ಕನಿಗೆ ಬಹಳ ವರ್ಷ ಸಾಧ್ಯವಾಗಲಿಲ್ಲ.

ಡಾಕ್ಟರ ಬಳಿ ನಾನೊಬ್ಬಳೇ ಹೋಗಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಕಪಾಟಿನಿಂದ ಭಾವನ ಎದೆಯ ಫೋಟೋ ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕಲ್ಲಿನ ದೂಳು ಎದೆಯಲ್ಲಿ ಕೂತರೆ ತೆಗೆಯಲು ಬರುವುದಿಲ್ಲ, ಉಳಿದದ್ದರ ಬಗ್ಗೆ ನನಗೂ ತಿಳಿಯದು, ಮೊದಲೇ ಗೊತ್ತಿದ್ದರೂ ಉಳಿಸಲು ಆಗುತ್ತಿರಲಿಲ್ಲ ಎಂದರು. ಕೊನೆಗೆ, ಅಷ್ಟು ಸೂಜಿ ಚುಚ್ಚಿಸಿಕೊಳ್ಳುವುದಾದರೂ ತಪ್ಪುತ್ತಿತ್ತು ಎಂದು ತಮಗೇ ಹೇಳಿಕೊಂಡ ಹಾಗೆ ಹೇಳಿದರು. ಆ ಮಾತನ್ನು ನಾನು ಮನೆಯಲ್ಲಿ ಹೇಳಿದೆ. ಆ ಮೇಲೆ ಏನನ್ನೂ ಮುಚ್ಚಿಡಬಾರದೆಂದು ನಿಶ್ಚಯಿಸಿದ್ದೆ.

ಮರುವರ್ಷ ಅದೇ ಗಣಿಗೆ ಮತ್ತೊಬ್ಬ ಕಂತ್ರಾಟುದಾರ ನಮ್ಮ ಕಡೆಯಿಂದ ಆಳುಗಳನ್ನು ಕರೆದೊಯ್ಯುತ್ತಿದ್ದಾನೆ ಎಂಬ ಸುದ್ದಿ ಬಂತು. ಜೋಗದಲ್ಲಿ ಭಾವನ ಜೊತೆ ದುಡಿದ ಒಬ್ಬ ಕತಗಾಲದಲ್ಲಿದ್ದ, ಎರಡು ಮಕ್ಕಳ ತಂದೆ. ಅವನೂ ಹೊರಟಿದ್ದಾನೆ ಎಂದು ತಿಳಿದು ಅಕ್ಕ ಶಿರಸಿಯ ಬಸ್ಸು ಹಿಡಿದು ಅಲ್ಲಿಗೆ ಹೋದಳು. ನನ್ನನ್ನೂ ಕರೆದಳು. ಹಾಗೆ ಅವಳು ಕರೆದದ್ದು ಹುಬ್ಬಳ್ಳಿಯ ಆ ದಿನದ ನಂತರ ಅದೇ ಮೊದಲು.

ಅವನು ತೋಟವೊಂದರಲ್ಲಿ ಕೂಲಿಗೆ ಅಡಿಕೆ ಸುಲಿಯುತ್ತಿದ್ದ. ನಮ್ಮನ್ನು ಮನೆಯೆದುರಿನ ಚಿಟ್ಟೆಯ ಕಟ್ಟೆಯ ಮೇಲೆ ಕೂರಿಸಿದ. ಅಕ್ಕ ಎಲ್ಲವನ್ನೂ ಹೇಳಿದಳು. ತಾಮ್ರವಲ್ಲ ಎಂದಳು. ಯುರೇನಿಯಂ ಎಂಬ ಶಬ್ದ ಅವಳ ನಾಲಿಗೆಗೆ ಹೊರಳಲಿಲ್ಲ, ನಾನು ಹೇಳಿಕೊಟ್ಟೆ. ನೀರು ಹಾಯಿಸದೆ ಕೊರೆಯಬೇಡ, ಮದ್ದು ಹಾರಿಸಿದ ಮೇಲೆ ಒಳಗೆ ಹೋಗಬೇಡ, ಕೆಮ್ಮು ಸುರುವಾದ ದಿನವೇ ಹೊರಟು ಬಾ, ಡಾಕ್ಟರು ಕೇಳಿದರೆ ಸಹಿಯ ಮಾತು ಮರೆತು ನಿಜ ಹೇಳು ಎಂದಳು. ಅವನು ತಲೆ ತಗ್ಗಿಸಿ ಕೇಳಿದ. ಅವನ ಹೆಂಡತಿ ಬಾಗಿಲ ಹಿಂದೆ ನಿಂತಿದ್ದಳು. ಅಕ್ಕನ ಮಾತು ಮುಗಿದ ಮೇಲೆ ಅವನು, ಹೋಗದೆ ಇದ್ದರೆ ಇಲ್ಲಿ ಎಂತ ಮಾಡುವುದು ಅಕ್ಕ ಎಂದು ಕೇಳಿದ.

ಅವನು ಹೋದ. ವರ್ಷವೂ ತುಂಬುವ ಮೊದಲು ವಾಪಸು ಬಂದ. ಕೆಮ್ಮು ಸುರುವಾದ ವಾರವೇ ಹೊರಟೆ, ನಿಮ್ಮ ಮಾತು ನೆನಪಿತ್ತು ಎಂದು ನಮ್ಮ ಮನೆಗೇ ಬಂದು ಹೇಳಿದ. ಅವನ ಕೆಮ್ಮು ಪೂರ್ತಿ ಹೋಗಲಿಲ್ಲ. ಮರ ಹತ್ತಲು ಆಗುತ್ತಿರಲಿಲ್ಲ, ಅಡಿಕೆ ಸುಲಿಯುವುದು, ಬೇಲಿ ಕಟ್ಟುವುದು ಇಷ್ಟೇ. ಆದರೆ ಮಕ್ಕಳು ದೊಡ್ಡವರಾಗುವವರೆಗೆ ಬದುಕಿದ. ಅವನ ಜೊತೆ ಹೋದ ಇನ್ನಿಬ್ಬರು ಆಗ ಇನ್ನೂ ಗಣಿಯಲ್ಲಿಯೇ ಇದ್ದರು, ಅವರ ವಿಷಯ ಅಕ್ಕನಿಗೆ ಮೊದಲೇ ಗೊತ್ತಿರಲಿಲ್ಲ. ಅವರ ಮನೆ ಹೊನ್ನಾವರದಿಂದ ಗೇರುಸೊಪ್ಪೆಯ ದಾರಿಯಲ್ಲಿ ಎಂದು ಅವನು ವಾಪಸು ಬಂದು ನಮ್ಮಲ್ಲಿ ಕೂತ ದಿನವೇ ಕೇಳಿಕೊಂಡು, ಮರುದಿನ ಬೆಳಿಗ್ಗೆ ಗಂಜಿ ಕುಡಿದು, ಅವಳು ಅಲ್ಲಿಗೆ ಹೊರಟಳು.